ಇಲ್ಲಿ ತೆರೆಯುತ್ತಿದೆ

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಗಾಬರಕ್ಕ. ಅದು ಅವಳಿಗೂ ಗೊತ್ತಿತ್ತು. ಬೇಸರ ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಬೆಳಿಗ್ಗೆ ಬಸ್ ಸ್ಟಾಪಿನವರೆಗೆ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಮನೆಗೆ ವಾಪಸ್ ಹೋಗಿ ನೋಡಿ, ಮೂರನೆಯ ಸಲ ಗಂಡನಿಗೆ ಫೋನ್ ಮಾಡುವವಳು ಅವಳು. ಗಂಡ ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ಕೈಯೆಲ್ಲ ಗ್ರೀಸ್ ಮಾಡಿಕೊಂಡು, "ಆರಿಸಿದೀನಿ ಕಣೇ, ನೀನು ಬಸ್ ಹತ್ತು" ಎನ್ನುತ್ತಿದ್ದ. ಆಗ ಅವಳಿಗೆ ಸಮಾಧಾನ. ಅವನು ಅವಳಿಗಿಂತ ಒಂದು ಗಂಟೆ ಮೊದಲೇ ಮನೆ ಬಿಟ್ಟಿರುತ್ತಿದ್ದ ಎಂಬುದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವಳ ತಲೆಗೆ ಹೋಗಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಕೈಕೆಲಸ ಕಲಿಸುವ ಒಂದು ತರಬೇತಿ ಕೇಂದ್ರದಲ್ಲಿ. ಟೈಪಿಸ್ಟ್ ಆಗಿ ಸೇರಿದವಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಆಮೇಲೆ ಕೇಂದ್ರದ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ, ವಾಟ್ಸಾಪ್ ಗುಂಪು ಎಲ್ಲವೂ ಒಂದೊಂದಾಗಿ ಬಂದು ಅವಳ ಮೇಜಿನ ಮೇಲೇ ಕೂತವು. ಮೂರು ವಾರದ ಹಿಂದೆ ಕೇಂದ್ರದ ವೆಬ್‌ಸೈಟ್ ಬದಲಾಯಿತು. ಹೊಸ ವಿಳಾಸ, ಹೊಸ ಮೇಲ್, ಹೊಸ ಪಾಸ್‌ವರ್ಡ್. ಹಳೆಯ ಪೋಸ್ಟುಗಳಲ್ಲಿದ್ದ ಲಿಂಕುಗಳೆಲ್ಲ ಒಂದೇ ದಿನದಲ್ಲಿ ಕೈಕೊಟ್ಟವು. ಯಾವುದನ್ನು ಒತ್ತಿದರೂ "ಈ ಪುಟ ಸಿಗಲಿಲ್ಲ."

"ಮುನ್ನೂರ ನಲವತ್ತು ಪೋಸ್ಟ್ ಇವೆ ಮೇಡಂ," ಎಂದರು ಪ್ರಿನ್ಸಿಪಾಲರು. "ನಿಮ್ಮಷ್ಟು ನಿಗಾ ಇಟ್ಟು ಮಾಡೋರು ಇನ್ಯಾರಿದಾರೆ ಹೇಳಿ?"

ಹೊಗಳಿ ಹೊರೆ ಹೊರಿಸುವ ಈ ವಿದ್ಯೆಯಲ್ಲಿ ಅವರು ಪಳಗಿದವರು. ಗಾಬರಕ್ಕ ಗೆರೆಯ ನೋಟ್‌ಬುಕ್ ತಂದು, ಪುಟಕ್ಕೆ ನಾಲ್ಕು ಕಾಲಂ ಎಳೆದಳು. ಹಳೆಯ ವಿಳಾಸ, ಹೊಸ ವಿಳಾಸ, ಒತ್ತಿದೆ, ತೆರೆಯಿತು. ಒಂದೊಂದು ಲಿಂಕನ್ನೂ ಸರಿಪಡಿಸಿ, ಒತ್ತಿ ನೋಡಿ, ತೆರೆದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಮಾಡಿದಳು ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುನ್ನೂರ ನಲವತ್ತರಲ್ಲಿ ಅವಳ ಜೀವ ಇದ್ದದ್ದು ಒಂದರಲ್ಲೇ: ಕನ್ನಡಕದ ಗಾಜು ಕತ್ತರಿಸಿ ಕೂರಿಸುವ ಆರು ತಿಂಗಳ ತರಬೇತಿಗೆ ಅರ್ಜಿ ಹಾಕುವ ಲಿಂಕು. ಶನಿವಾರ ಸಂಜೆ ಐದಕ್ಕೆ ಅದು ಮುಚ್ಚುತ್ತಿತ್ತು. ಆ ಅರ್ಜಿಗಳ ಪಟ್ಟಿಯಲ್ಲಿ ಅವಳು ಕಾಯುತ್ತಿದ್ದದ್ದು ಒಂದೇ ಒಂದು ಹೆಸರಿಗೆ, ತನ್ನ ತಂಗಿಯ ಹೆಸರಿಗೆ.

ತಂಗಿ ಒಂದು ಫೋಟೋ ಸ್ಟುಡಿಯೋದಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ್ದಳು. ಪಾಸ್‌ಪೋರ್ಟ್ ಫೋಟೋವನ್ನು ಗೆರೆ ಹಾಕದೆ, ಕಣ್ಣಳತೆಯಲ್ಲೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕತ್ತರಿಸುವ ಕೈ. ಸ್ಟುಡಿಯೋ ಮುಚ್ಚಿತು. ಈ ತರಬೇತಿಗೆ ಅವಳಂಥ ಕೈ ಇನ್ನೊಂದು ಸಿಗದು. ಆದರೆ ನಲವತ್ತೆರಡು ತುಂಬಿದವರಿಗೆ ಪ್ರವೇಶವಿಲ್ಲ. ತಂಗಿಗೆ ಮುಂದಿನ ತಿಂಗಳು ನಲವತ್ತೆರಡು ತುಂಬುತ್ತದೆ. ಈ ವರ್ಷ ಬಿಟ್ಟರೆ ಇಲ್ಲ.

ಹಾಗಿದ್ದರೆ ಫೋನ್ ಮಾಡಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಕ್ಕತಂಗಿಯರಿಗೆ ಮಾತು ನಿಂತು ಮೂರು ವರ್ಷವಾಗಿತ್ತು.

ಮೂರು ವರ್ಷದ ಹಿಂದೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದವಳು ಗಾಬರಕ್ಕ. ಅಲ್ಲಿನ ಕಾಗದದಲ್ಲಿ ತನ್ನ ನಂಬರನ್ನು ಮಾತ್ರ ಬರೆದಳು. ತಂಗಿ ಬೇರೆ ಊರಿನಲ್ಲಿದ್ದಳು, ನಾಲ್ಕು ಗಂಟೆಯ ದಾರಿ. ಹೇಳಿದರೆ ಹೆದರುತ್ತಾಳೆ, ಅಳುತ್ತಾ ಬಸ್ ಹತ್ತುತ್ತಾಳೆ, ದಾರಿಯಲ್ಲಿ ಏನಾದರೂ ಆದರೆ? ಡಾಕ್ಟರು ಒಂದು ಮಾತು ಹೇಳಲಿ, ಆಮೇಲೆ ತಿಳಿಸೋಣ. ಹೀಗೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಫೋನು ಕೈಯಲ್ಲಿ ಹಿಡಿದೇ ಕೂತಳು, ಒತ್ತಲಿಲ್ಲ. ನಾಲ್ಕು ಗಂಟೆಗೆ ಅಮ್ಮ ಹೋದರು. ತಂಗಿ ಬಂದಾಗ ಎಲ್ಲ ಮುಗಿದಿತ್ತು.

"ನನಗೆ ತಿಳಿಸಬೇಕು ಅಂತ ನಿನಗೆ ಅನ್ನಿಸಲೇ ಇಲ್ವಾ ಅಕ್ಕಾ?" ಎಂದು ಕೇಳಿದ್ದೇ ತಂಗಿಯ ಕೊನೆಯ ಮಾತು.

ಆ ತಂಗಿಗೆ ಈಗ ವಾಟ್ಸಾಪಿನಲ್ಲಿ ಏನೆಂದು ಬರೆಯುವುದು? ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಒಂದಕ್ಷರವನ್ನೂ ಸೇರಿಸದೆ, ಬರೀ ಲಿಂಕು ಕಳಿಸಿದಳು. ಸ್ವಲ್ಪ ಹೊತ್ತಿಗೆ ಎರಡು ನೀಲಿ ಗುರುತು ಬಿದ್ದವು. ನೋಡಿದ್ದಾಳೆ! ಉತ್ತರ ಬರಲಿಲ್ಲ.

ಅಂದಿನಿಂದ ದಿನಕ್ಕೆ ಹತ್ತು ಸಲ ಅರ್ಜಿಗಳ ಪಟ್ಟಿ ತೆಗೆಯುವುದೇ ಅವಳ ಕೆಲಸವಾಯಿತು. ಸೋಮವಾರ ನಾಲ್ಕು ಅರ್ಜಿ, ಬುಧವಾರ ಒಂಬತ್ತು, ಶುಕ್ರವಾರ ಹನ್ನೊಂದು. ಪ್ರತಿ ವರ್ಷ ಇನ್ನೂರರ ಮೇಲೆ ಬರುತ್ತಿದ್ದವು. ಬಂದ ಹನ್ನೊಂದೂ ಇದೇ ಕೇಂದ್ರದಲ್ಲಿ ಬೇರೆ ಬೇರೆ ತರಗತಿಗಳಲ್ಲಿ ಕಲಿಯುತ್ತಿದ್ದವರದು. "ಜನಕ್ಕೆ ಕೈಕೆಲಸದ ಮೇಲೆ ಆಸೆ ಹೋಯ್ತು ಬಿಡಿ," ಎಂದು ಪ್ರಿನ್ಸಿಪಾಲರು ನಿಟ್ಟುಸಿರಿಟ್ಟರು. ಫೇಸ್‌ಬುಕ್ಕಿನಲ್ಲಿ ನಾಲ್ಕಾರು ಮಂದಿ "ಲಿಂಕ್ ಓಪನ್ ಆಗ್ತಿಲ್ಲ" ಎಂದು ಬರೆದಿದ್ದರು. ನೋಡಿದೊಡನೆ ಗಾಬರಕ್ಕನ ಜೀವ ಬಾಯಿಗೆ ಬಂತು. ತಕ್ಷಣ ಒತ್ತಿದಳು, ತೆರೆಯಿತು. ತನ್ನ ಫೋನಿನಲ್ಲಿ ಒತ್ತಿದಳು, ಅಲ್ಲೂ ತೆರೆಯಿತು. ಒಬ್ಬೊಬ್ಬರಿಗೂ ವಿನಯದಿಂದ ಉತ್ತರಿಸಿದಳು: "ಇಲ್ಲಿ ತೆರೆಯುತ್ತಿದೆ. ದಯವಿಟ್ಟು ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳಿ."

ಲಿಂಕು ಸರಿಯಿದೆ ಎಂದ ಮೇಲೆ ತಂಗಿ ಅರ್ಜಿ ಹಾಕದಿರುವುದಕ್ಕೆ ಕಾರಣ ಒಂದೇ. ಸಿಟ್ಟು ಇಳಿದಿಲ್ಲ. ಅಕ್ಕ ಇರುವ ಕಟ್ಟಡದ ಮೆಟ್ಟಿಲನ್ನೂ ತುಳಿಯುವುದಿಲ್ಲ ಅವಳು. ಶನಿವಾರ ಬೆಳಿಗ್ಗೆ ಹೀಗೆಂದುಕೊಂಡು ಗಾಬರಕ್ಕ ಊಟದ ಡಬ್ಬಿಯನ್ನೂ ತೆರೆಯಲಿಲ್ಲ.

ಮಧ್ಯಾಹ್ನ ಆಫೀಸಿನ ಜೆರಾಕ್ಸ್ ಮಷೀನು ಕಾಗದ ನುಂಗಿಕೊಂಡು ಕೂತಿತು. ಹಾಜರಿ ಪಟ್ಟಿಯ ಪ್ರತಿ ಮಾಡಿಸಲು ಅವಳೇ ಎದುರು ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋದಳು. ಬೇರೆಯವರನ್ನು ಕಳಿಸಿದರೆ ಹಾಳೆ ಹಿಂದುಮುಂದಾದೀತು ಎಂಬ ಭಯ. ಅಂಗಡಿಯವನು ಅವಳನ್ನು ಕಂಡವನೇ ಕೈ ಬೀಸಿದ.

"ಅಬ್ಬ, ಒಳ್ಳೆ ಹೊತ್ತಿಗೆ ಸಿಕ್ರಿ ಮೇಡಂ! ನಿಮ್ಮ ಕನ್ನಡಕದ ಅರ್ಜಿ ಹಾಕೋಕೆ ಅಂತ ವಾರದಿಂದ ಜನ ಬರ್ತಾನೇ ಇದಾರೆ. ಎಲ್ಲರನ್ನೂ ವಾಪಸ್ ಕಳಿಸಿ ಸಾಕಾಯ್ತು ನನಗೆ."

"ಯಾಕೆ ಕಳಿಸಿದ್ರಿ? ಲಿಂಕ್ ತೆರೆಯುತ್ತಲ್ಲ."

"ಎಲ್ಲಿ ತೆರೆಯುತ್ತೆ?"

"ನೋಡಿ ಇಲ್ಲಿ," ಎಂದು ಅವಳು ಸ್ವಲ್ಪ ಬಿಗುಮಾನದಿಂದಲೇ ತನ್ನ ಫೋನು ತೆಗೆದು ಒತ್ತಿ ತೋರಿಸಿದಳು. ಅರ್ಜಿ ಅಚ್ಚುಕಟ್ಟಾಗಿ ತೆರೆದುಕೊಂಡಿತು.

ಅವನು ಫೋನಿನ ಮೇಲೆ ಬಗ್ಗಿದ. ಮೂಲೆಯಲ್ಲಿದ್ದ ಸಣ್ಣ ಗುರುತಿನ ಮೇಲೆ ಬೆರಳಿಟ್ಟ. "ನೀವು ಆಫೀಸಿನ ಪಾಸ್‌ವರ್ಡ್ ಹಾಕ್ಕೊಂಡೇ ಕೂತಿದೀರಲ್ಲ ಮೇಡಂ. ನಿಮ್ಮನೆ ಬಾಗಿಲು ನಿಮ್ಮ ಕೀಗೆ ತೆರೆಯದೆ ಇರುತ್ತಾ? ಹೊರಗಡೆ ನಿಂತಿರೋರ ಕಡೆಯಿಂದ ಬಂದು ನೋಡಿ," ಎಂದು ತನ್ನ ಕಂಪ್ಯೂಟರನ್ನು ಅವಳತ್ತ ತಿರುಗಿಸಿ ಅದೇ ಲಿಂಕು ಒತ್ತಿದ.

ಬೂದುಬಣ್ಣದ ಒಂದು ಪುಟ ಬಂತು. "ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ." ಅದರ ಕೆಳಗೆ, ಒಡೆಯರು ಎಂದು ಬರೆದು, ಗಾಬರಕ್ಕನ ಪೂರ್ತಿ ಹೆಸರು. ಅದರ ಕೆಳಗೆ "ಅನುಮತಿ ಕೇಳಿ" ಎಂಬ ಗುಂಡಿ.

ಹನ್ನೊಂದು ಮಂದಿ! ಅವರೆಲ್ಲರಿಗೂ ಕೇಂದ್ರದ್ದೇ ಮೇಲ್ ಇದೆ, ಅವರ ಹತ್ತಿರವೂ ಕೀ ಇದೆ. ಉಳಿದ ಲೋಕವೆಲ್ಲ ಹೊರಗೆ ನಿಂತಿತ್ತು. ಹೊರಗೆ ನಿಂತವರಿಗೆ ಇವಳು ವಾರವಿಡೀ ಒಳಗಿನಿಂದ ಹೇಳುತ್ತಿದ್ದಳು, ಇಲ್ಲಿ ತೆರೆಯುತ್ತಿದೆ ಎಂದು. ಇನ್ನು ತಂಗಿ? ಮೂರು ವರ್ಷದ ಮೇಲೆ ಅಕ್ಕನಿಂದ ಒಂದು ಲಿಂಕು ಬಂತು, ಒತ್ತಿದರೆ ನಿಮಗೆ ಅನುಮತಿ ಇಲ್ಲ, ಕೆಳಗೆ ಅಕ್ಕನ ಹೆಸರು!

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು. ಹಾಜರಿ ಪಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಕಾಲಿಗೆ ಬುದ್ಧಿ ಹೇಳಿದಳು.

ಮೇಜಿಗೆ ಬಂದು ಹುಡುಕಿದರೆ ಎಡವಟ್ಟು ಎಷ್ಟು ಸಣ್ಣದು! "ನಮ್ಮ ಸಂಸ್ಥೆಯವರು ಮಾತ್ರ" ಎಂದಿದ್ದುದನ್ನು "ಲಿಂಕ್ ಇರುವ ಎಲ್ಲರೂ" ಎಂದು ಬದಲಾಯಿಸಬೇಕು, ಒಂದೇ ಒತ್ತು. ಒತ್ತಿದಳು. ಈ ಸಲ ತಾನು ತೆರೆದು ನೋಡಲಿಲ್ಲ. ಜೆರಾಕ್ಸ್ ಅಂಗಡಿಗೆ ಫೋನ್ ಮಾಡಿದಳು. "ಬಂತು ಮೇಡಂ, ಬಂತು!" ಎಂದು ಅವನು ಕೂಗಿದ್ದು ಪಕ್ಕದ ಮೇಜಿಗೂ ಕೇಳಿಸಿತು.

ಪ್ರಿನ್ಸಿಪಾಲರ ಮುಂದೆ ನಿಂತು ತಪ್ಪೆಲ್ಲ ತನ್ನದೇ ಎಂದು ಒಂದೇ ಉಸಿರಿನಲ್ಲಿ ಒದರಿದಳು. ಅವರು ಹಣೆ ಒತ್ತಿಕೊಂಡರು. "ಐದಕ್ಕೆ ಅದು ತಾನಾಗೇ ಮುಚ್ಚುತ್ತೆ ಮೇಡಂ, ಗಡುವು ಹೆಡ್ ಆಫೀಸಿನವರ ಕೈಲಿರೋದು, ನನ್ನ ಕೈಲಿಲ್ಲ. ಎಷ್ಟು ಜನಕ್ಕೆ ಹೇಳೋಕಾಗುತ್ತೋ ಹೇಳಿ, ಹೋಗಿ."

ಅನುಮತಿ ಕೇಳಿದವರ ಕಾಗದಗಳೆಲ್ಲ ಎಲ್ಲಿ ಹೋದವು? ಹೊಸ ಮೇಲ್ ಪೆಟ್ಟಿಗೆಗೆ. ಅಲ್ಲಿ ತನಗೆ ಯಾರು ಬರೆಯುತ್ತಾರೆ ಎಂದು ಅವಳು ಮೂರು ವಾರದಿಂದ ಅದರ ಮುಖ ನೋಡಿರಲಿಲ್ಲ. ತೆರೆದಳು. ನೂರ ಎಪ್ಪತ್ತಮೂರು. ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಬರೆದಳು: ತಪ್ಪು ನಮ್ಮದು, ಈಗ ತೆರೆದಿದೆ, ಐದು ಗಂಟೆಯೊಳಗೆ ದಯವಿಟ್ಟು ಹಾಕಿ. ಕಳಿಸಿ, ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿದಳು.

ತಂಗಿ ಮೂರು ಸಲ ಕೇಳಿದ್ದಳು. ಸೋಮವಾರದ್ದರಲ್ಲಿ ಏನೂ ಬರೆದಿರಲಿಲ್ಲ. ಮಂಗಳವಾರ, "ಅಕ್ಕಾ, ನಾನು." ಗುರುವಾರ, "ಬರಬೇಡ ಅನ್ನೋದಾದ್ರೆ ಲಿಂಕ್ ಯಾಕೆ ಕಳಿಸಿದೆ?"

ಗಾಬರಕ್ಕನಿಗೆ ದುಃಖ ಉಕ್ಕಿ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅರ್ಜಿಗಳು ಬರತೊಡಗಿದ್ದವು: ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ತಾರು. ತಂಗಿಯದಿಲ್ಲ. ನಾಲ್ಕೂ ನಲವತ್ತು. ಫೋನು ಕೈಯಲ್ಲಿತ್ತು, ಅಂದಿನ ಹಾಗೆಯೇ. ಎತ್ತದಿದ್ದರೆ? ಎತ್ತಿ ಬೈದರೆ? ಬೈಯಲಿ, ಹಾಳಾಗಿ ಹೋಗಲಿ ಎಂದು ಒತ್ತಿಯೇ ಬಿಟ್ಟಳು.

"ಹೇಳಿ," ಎಂದಿತು ತಂಗಿಯ ದನಿ. ಅಕ್ಕನಿಗೆ ಬಹುವಚನ!

"ಪುಟ್ಟೀ, ಅದು ನಾನು ತಡೆದಿದ್ದಲ್ಲ ಕಣೇ. ನನಗೆ ತೆರೀತಿತ್ತು. ಎಲ್ಲರಿಗೂ ತೆರೀತಿದೆ ಅಂದ್ಕೊಂಡುಬಿಟ್ಟೆ. ನೀನು ಬರೆದಿದ್ದು ಈಗ ನೋಡಿದೆ, ಈಗಷ್ಟೇ. ಅಮ್ಮನಾಣೆ."

ಆ ಕಡೆ ಬಸ್ಸಿನ ಸದ್ದು ಕೇಳುತ್ತಿತ್ತು.

"ನಿನ್ನ ಹೆಸರು ಇತ್ತು ಅದರಲ್ಲಿ," ಎಂದಳು ತಂಗಿ. ಬಹುವಚನ ಹೋಗಿತ್ತು.

"ಇತ್ತು. ಈಗ ತೆರೆಯುತ್ತೆ, ಒತ್ತು. ಐದಕ್ಕೆ ಮುಚ್ಚುತ್ತೆ."

"ಬಸ್ಸಲ್ಲಿ ನಿಂತಿದೀನಿ. ಫೋನಲ್ಲಿ ಚಾರ್ಜ್ ಇಲ್ಲ, ನಾಲ್ಕೇ ಪರ್ಸೆಂಟ್ ಇದೆ." ಆಮೇಲೆ, "ನೀನೇ ತುಂಬು. ಬೇಗ ಕೇಳು."

ಹೆಸರು, ಹುಟ್ಟಿದ ದಿನ ಕೇಳಬೇಕಾಗಿರಲಿಲ್ಲ. ವಿಳಾಸ ಎಂಬಲ್ಲಿ ಹಳೆಯ ಮನೆಯ ನಂಬರನ್ನು ಬಡಿಯಲು ಹೊರಟಳು. "ಅದಲ್ಲ, ಮನೆ ಬದಲಾಯಿಸಿ ಎರಡು ವರ್ಷ ಆಯ್ತು," ಎಂದಳು ತಂಗಿ. ಅಕ್ಕ ಅದನ್ನು ಅಳಿಸಿದಳು. ಹೊಸ ವಿಳಾಸ ಬರೆದಳು. ಓದು, ಹಿಂದಿನ ಕೆಲಸ, ಎಷ್ಟು ವರ್ಷ. ಬೆರಳುಗಳು ಟೈಪ್‌ರೈಟರಿನ ಕಾಲದ ವೇಗದಲ್ಲಿ ಓಡಿದವು. ಕೊನೆಯ ಪ್ರಶ್ನೆಗೆ ಬಂದು ನಿಂತವು. ಆ ಅರ್ಜಿಯನ್ನು ಅವಳೇ ತಯಾರಿಸಿದ್ದಳು, ಆ ಪ್ರಶ್ನೆಯನ್ನು ಅವಳೇ ಟೈಪ್ ಮಾಡಿದ್ದಳು, ತುಂಬದೆ ಬಿಡುವಂತಿಲ್ಲ ಎಂದು ಕೆಂಪು ಚುಕ್ಕೆಯನ್ನೂ ಅವಳೇ ಇಟ್ಟಿದ್ದಳು.

"ಹಲೋ? ಏನಾಯ್ತು? ಟೈಮೆಷ್ಟು?"

"ನಾಲ್ಕು ಐವತ್ತಾರು." ಅಕ್ಕ ಪ್ರಶ್ನೆಯನ್ನು ಓದಿದಳು: "ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು?"

ಬಸ್ಸು ಎಲ್ಲೋ ಬ್ರೇಕ್ ಹಾಕಿತು. ಯಾರೋ ಇಳಿದರು. ಗಾಬರಕ್ಕ ಮೂರು ವರ್ಷದಿಂದ ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಿದ್ದ ತಪ್ಪಾಯಿತು ಎಂಬ ಮಾತು ಆಗಲೂ ಬಾಯಿಗೆ ಬರಲಿಲ್ಲ.

"ನಿನ್ನ ನಂಬರ್ ಹಾಕು," ಎಂದಳು ತಂಗಿ. ಆಮೇಲೆ, "ನಿನ್ನ ಆಫೀಸಿನ ಕಾಗದದಲ್ಲಿ ಯಾರ ನಂಬರ್ ಇದೆ?"

"ಅಮ್ಮಂದು. ಇನ್ನೂ ಬದಲಾಯಿಸಿಲ್ಲ."

"ಬದಲಾಯಿಸು. ನನ್ನ..." ಎಂದಳು. ಫೋನು ಸತ್ತಿತು.

ನಾಲ್ಕು ಐವತ್ತೆಂಟಕ್ಕೆ ಗಾಬರಕ್ಕ ಅರ್ಜಿ ಕಳಿಸಿದಳು. ಐದಕ್ಕೆ ಪಟ್ಟಿ ಮುಚ್ಚಿದಾಗ ಐವತ್ತೆರಡು ಹೆಸರುಗಳಿದ್ದವು, ತಂಗಿಯದು ಐವತ್ತೊಂದನೆಯದು. ಮಿಕ್ಕವರು ಎಲ್ಲಿ ಹೋದರೋ, ಯಾರಿಗೆ ವಯಸ್ಸು ಮೀರಿತೋ, ಆ ಸಂಕಟವನ್ನು ಅವಳು ಬಹಳ ದಿನ ಹೊತ್ತುಕೊಂಡು ತಿರುಗಿದಳು.

ಬೀರುವಿನಿಂದ ತನ್ನ ಕಡತ ತೆಗೆಸಿದಳು. ಮೊದಲ ಹಾಳೆಯಲ್ಲಿ ಅಮ್ಮನ ನಂಬರಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಂಗಿಯದನ್ನು ಬರೆದಳು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಮೂರು ಸಲ ನೋಡಿದಳು. ಸಾಲದೆಂದು ಆ ಹಾಳೆ ನೋಡಿಕೊಂಡೇ ಫೋನ್ ಮಾಡಿದಳು. ಸ್ವಿಚ್ ಆಫ್. ಕಾಲು ಗಂಟೆ ಬಿಟ್ಟು ಮಾಡಿದಳು, ಮತ್ತೆ ಕಾಲು ಗಂಟೆ ಬಿಟ್ಟು ಮಾಡಿದಳು. ಆಫೀಸಿನವರೆಲ್ಲ ಚೀಲ ಹೆಗಲಿಗೇರಿಸಿ ಹೊರಟರೂ ಅವಳು ಏಳಲಿಲ್ಲ.

ಆರೂವರೆಗೆ ರಿಂಗಾಯಿತು. ಮೊದಲ ರಿಂಗಿಗೇ ತಂಗಿ ಎತ್ತಿದಳು.

"ಬದಲಾಯಿಸಿದ್ಯಾ?"