ಬದಲಿಯಮ್ಮ ಬದಲಿಸದೆ ಬಿಟ್ಟ ಐವರು

ನಮ್ಮ ದೊಡ್ಡಮ್ಮನಿಗೆ ಬಸ್ ಡಿಪೋದಲ್ಲಿ ಬದಲಿಯಮ್ಮ ಎಂದೇ ಹೆಸರು. ಯಾವ ಬಸ್ಸಿಗೆ ಯಾವ ಡ್ರೈವರ್, ಯಾವ ಕಂಡಕ್ಟರ್ ಎಂದು ಡ್ಯೂಟಿ ಹಂಚುವುದು ಅವಳ ಕೆಲಸ. ಒಬ್ಬ ತಡಮಾಡಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇನ್ನೊಬ್ಬನನ್ನು ಹತ್ತಿಸಿ ಕಳಿಸುತ್ತಿದ್ದಳು. ಮನೆಯಲ್ಲೂ ಅದೇ ಗುಣ. ದೊಡ್ಡಪ್ಪ ಚಹಾ ತರುವುದು ನಿಧಾನವಾದರೆ ನನ್ನನ್ನು ಅಡುಗೆಮನೆಗೆ ಅಟ್ಟುವಳು. "ನನ್ನನ್ನೊಬ್ಬನ್ನ ಇನ್ನೂ ಬದಲಾಯಿಸಿಲ್ಲ, ಅದೇ ನನ್ನ ಪುಣ್ಯ" ಎಂದು ದೊಡ್ಡಪ್ಪ ನಗುತ್ತಿದ್ದರು.

ಈ ಗುಣವನ್ನೇ ಅವಳು ಡಿಪೋದ ಹೆಂಗಸರ ಬಾಸ್ಕೆಟ್‌ಬಾಲ್ ತಂಡಕ್ಕೂ ತಂದಳು, ಅಲ್ಲೇ ಎಡವಟ್ಟಾಯಿತು. ಪ್ರಾಯದಲ್ಲಿ ಚೆನ್ನಾಗಿ ಆಡಿದ್ದಳೆಂದು ಕೋಚ್ ಕೆಲಸ ಅವಳ ಪಾಲಿಗೆ ಬಂದಿತ್ತು. ಎದುರಾಳಿಗಳು ಒಂದು ಬುಟ್ಟಿ ಹಾಕಿದರೆ ಸಾಕು, ನಮ್ಮ ಒಬ್ಬಳನ್ನು ಹೊರಗೆ ಕರೆದು ಬೆಂಚಿನಿಂದ ಇನ್ನೊಬ್ಬಳನ್ನು ತಳ್ಳುವಳು. ಎಷ್ಟೋ ಸಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುತ್ತಿತ್ತು. ಪ್ರತಿ ಪಂದ್ಯಕ್ಕೂ ಹೊಸ ಐವರು, ಪ್ರತಿ ಪಂದ್ಯದಲ್ಲೂ ಸೋಲು.

ಆ ವರ್ಷ ಡಿಪೋದ ಸಾಹೇಬರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು. ಬಸ್ಸು ನಿಲ್ಲಿಸಲು ಜಾಗವಿಲ್ಲ, ಡಿಪೋ ಡಿಪೋಗಳ ನಡುವಿನ ಪಂದ್ಯಾವಳಿಯಲ್ಲಿ ಈ ಸಲವೂ ತಂಡ ಕೊನೆಯ ಸ್ಥಾನಕ್ಕೆ ಬಂದರೆ ಬಾಸ್ಕೆಟ್‌ಬಾಲ್ ಅಂಗಳದ ಕಂಬ ಕಿತ್ತು ಅಲ್ಲಿ ಬಸ್ಸು ನಿಲ್ಲಿಸುತ್ತೇವೆ ಎಂದು. ವರ್ಕ್‌ಶಾಪ್ ಪಕ್ಕದ ಆ ಅಂಗಳ ಸುಮ್ಮನೆ ಆದದ್ದಲ್ಲ. ದೊಡ್ಡಮ್ಮ ವರ್ಷಗಟ್ಟಲೆ ಅವರಿವರ ಬಾಗಿಲು ತಟ್ಟಿ, ಸಿಮೆಂಟು ಕಲಸುವಾಗ ಪಕ್ಕದಲ್ಲೇ ನಿಂತು ಮಾಡಿಸಿದ್ದಳು. ಅದು ಹೋದರೆ ಅವಳಿಗೆ ಮಗುವನ್ನು ಕಳೆದುಕೊಂಡಷ್ಟೇ ಸಂಕಟ. ಉಳಿದಿದ್ದ ಮೂರು ಪಂದ್ಯಗಳಲ್ಲಿ ಒಂದನ್ನು ಗೆದ್ದರೂ ಕೊನೆಯ ಸ್ಥಾನ ತಪ್ಪುತ್ತಿತ್ತು.

ಅಭ್ಯಾಸದ ಹೊತ್ತಿಗೆ ಅವಳ ಕೋಪ ನೆತ್ತಿಗೇರಿತು. ಒಬ್ಬಳನ್ನು ದಾಟಿ ಎದುರಾಳಿ ನುಗ್ಗಿದರೆ ಉಳಿದ ನಾಲ್ವರು ಗೊಂಬೆಗಳ ಹಾಗೆ ನೋಡುತ್ತೀರಲ್ಲ, ಇದೂ ಒಂದು ಡಿಫೆನ್ಸೇ ಎಂದು ಬೈದಳು. ಟೈರ್ ವಿಭಾಗದ ಗಟ್ಟಿಗಿತ್ತಿ ಮಾತ್ರ ಬಾಯಿಬಿಟ್ಟಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಪಕ್ಕದೋಳ ಸಹಾಯಕ್ಕೆ ಹೋದ್ರೆ ನಾನು ಬಿಟ್ಟೋಳು ಬುಟ್ಟಿ ಹಾಕ್ತಾಳೆ, ನೀವು ನನ್ನ ಹೊರಗೆ ಕರೀತೀರ. ಅದಕ್ಕೇ ಯಾರೂ ಜಾಗ ಬಿಟ್ಟು ಕದಲಲ್ಲ."

ಆ ಸಂಜೆ ಚಹಾ ತಣ್ಣಗಾದರೂ ದೊಡ್ಡಮ್ಮ ಮುಟ್ಟಲಿಲ್ಲ. ಮರುದಿನ ಐವರನ್ನು ಆರಿಸಿದಳು: ಇಬ್ಬರು ಕಂಡಕ್ಟರ್‌ಗಳು, ಗಟ್ಟಿಗಿತ್ತಿ, ವೆಲ್ಡಿಂಗ್ ಕೆಲಸದವಳು, ಟಿಕೆಟ್ ಕೌಂಟರಿಗೆ ಹೊಸದಾಗಿ ಸೇರಿದ್ದ ಉದ್ದನೆಯ ಹುಡುಗಿ. ಅಷ್ಟು ಉದ್ದವಿದ್ದೂ ಕೈ ಇಳಿಬಿಟ್ಟು ನಿಲ್ಲುತ್ತಾಳೆಂದು ಅವಳನ್ನು ಎಲ್ಲರೂ ಉದ್ದಕ್ಕ ಎಂದು ಆಡಿಕೊಳ್ಳುತ್ತಿದ್ದರು. ಕಾಲು ಉಳುಕದೆ, ಸುಸ್ತಾಗದೆ ಇವರಲ್ಲಿ ಯಾರನ್ನೂ ತೆಗೆಯುವುದಿಲ್ಲ ಎಂದು ದೊಡ್ಡಮ್ಮ ಮಾತು ಕೊಟ್ಟಳು. ನಮಗಾರಿಗೂ ನಂಬಿಕೆ ಬರಲಿಲ್ಲ.

ಮೊದಲ ಪಂದ್ಯ ಸೋತರು. ಎರಡನೆಯದೂ ಹೋಯಿತು, ಆದರೆ ಕೂದಲೆಳೆಯಲ್ಲಿ. ಅಷ್ಟರಲ್ಲಿ ಅಂಗಳದಲ್ಲಿ ಮಾತು ಹುಟ್ಟಿತ್ತು. "ಎಡಕ್ಕೆ ಬಂದ್ಲು", "ನೀ ಹೋಗು, ನಾನಿದೀನಿ" ಎಂದು ಒಬ್ಬರಿಗೊಬ್ಬರು ಕೂಗುತ್ತಿದ್ದರು. ಉದ್ದಕ್ಕನ ಕೈಗಳು ತಾವಾಗಿಯೇ ಮೇಲೇಳತೊಡಗಿದವು. ಇತ್ತ ಸಾಹೇಬರ ಕಡೆಯವರು ಟೇಪು ಹಿಡಿದು ಅಂಗಳ ಅಳೆದೂ ಹೋದರು. ದೊಡ್ಡಮ್ಮ ಕಿಟಕಿಯಿಂದ ನೋಡಿ ಹಲ್ಲು ಕಚ್ಚಿಕೊಂಡಳು.

ಕೊನೆಯ ಪಂದ್ಯ ನಮ್ಮ ಅಂಗಳದಲ್ಲೇ. ಡ್ರೈವರುಗಳು ನಿಂತ ಬಸ್ಸುಗಳ ಮೆಟ್ಟಿಲಲ್ಲೆಲ್ಲ ಜೋತುಬಿದ್ದಿದ್ದರು. ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಉದ್ದಕ್ಕ ಎರಡು ಸಲ ಮೋಸಹೋದಳು, ಎರಡು ಸಲವೂ ಚೆಂಡು ನಮ್ಮ ಬುಟ್ಟಿಗೆ ಬಿತ್ತು. ನಮ್ಮ ಮುನ್ನಡೆ ಒಂದೇ ಅಂಕಕ್ಕೆ ಇಳಿಯಿತು. ದೊಡ್ಡಮ್ಮ ಧಡಕ್ಕನೆ ಎದ್ದಳು. ಐವರೂ ಆಟ ಬಿಟ್ಟು ಅವಳ ಕಡೆ ತಿರುಗಿದರು. ಉದ್ದಕ್ಕನಂತೂ ಹೊರಗೆ ಒಂದು ಹೆಜ್ಜೆ ಇಟ್ಟೇಬಿಟ್ಟಿದ್ದಳು.

"ನನ್ನ ಮುಖ ಏನ್ ನೋಡ್ತೀರ? ಚೆಂಡು ಅಲ್ಲಿದೆ" ಎಂದು ಗದರಿ ದೊಡ್ಡಮ್ಮ ಕೂತುಬಿಟ್ಟಳು. ಮತ್ತೆ ಏಳದ ಹಾಗೆ ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಕೊನೆಯ ಗಳಿಗೆ. ಎದುರಾಳಿಗಳ ಚುರುಕಿನ ಹುಡುಗಿ ಗಟ್ಟಿಗಿತ್ತಿಯನ್ನು ದಾಟಿ ನುಗ್ಗಿದಳು. ಉದ್ದಕ್ಕ ತಾನು ಕಾಯುತ್ತಿದ್ದವಳನ್ನು ಬಿಟ್ಟು ಅಡ್ಡ ಬಂದಳು. ಅವಳು ಬಿಟ್ಟುಬಂದ ಜಾಗಕ್ಕೆ ಯಾರೂ ಹೇಳದೆಯೇ ವೆಲ್ಡಿಂಗ್‌ನವಳು ಓಡಿದ್ದಳು. ಚೆಂಡು ಉದ್ದಕ್ಕನ ಅಂಗೈಗೆ ಪಟ್ಟೆಂದು ಬಡಿದು ಹೊರಗೆ ಹಾರಿತು, ಆಟ ಮುಗಿದ ಸೀಟಿ ಮೊಳಗಿತು. ಗೆದ್ದೆವು. ಡ್ರೈವರುಗಳು ಬಸ್ಸಿನ ಹಾರ್ನುಗಳನ್ನೆಲ್ಲ ಒಟ್ಟಿಗೆ ಒತ್ತಿದರು, ಕಿವಿ ಗಡಚಿಕ್ಕಿತು. ಸಾಹೇಬರು ನಗುತ್ತ ಬಂದು, ಬಸ್ಸಿಗೆ ಬೇರೆ ಜಾಗ ಹುಡುಕುತ್ತೇವೆ, ಅಂಗಳ ನಿಮ್ಮದೇ ಎಂದರು.

ದೊಡ್ಡಮ್ಮ ಅವರ ಮಾತಿಗೂ ನಿಲ್ಲದೆ ಉದ್ದಕ್ಕನ ಬಳಿಗೆ ಹೋದಳು.

"ಅಲ್ಲ ಕಣೇ, ಅವಳನ್ನ ಬಿಟ್ಟು ಬರೋಕೆ ನಿಂಗೆ ಭಯ ಆಗ್ಲಿಲ್ವಾ?"

"ಯಾಕಕ್ಕಾ ಭಯ? ನಾನು ಬಂದ್ರೆ ಅಲ್ಲಿಗೆ ಇನ್ನೊಬ್ಬಳು ಬರ್ತಾಳೆ ಅಂತ ಗೊತ್ತಿತ್ತಲ್ಲ."

ಡಿಪೋವನ್ನೇ ನಡುಗಿಸಿದ ನಮ್ಮ ದೊಡ್ಡಮ್ಮ ಆ ಹುಡುಗಿಯನ್ನು ತಬ್ಬಿಕೊಂಡು, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅತ್ತಳು.