ಕಾಯಿ ಒಡೆಯುವ ಮುಂಚೆ

ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ತೆಂಗಿನಕಾಯಿಯ ನೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಮಣ್ಣಿನದೂ ಅಲ್ಲ. ಮನೆ ಕಟ್ಟಿಸುವುದೇ ಕಸುಬಾದ ನನಗೆ ಅದು ಹಳೆಯ ಪರಿಚಯ. ಇವತ್ತು ಬೆಳಿಗ್ಗೆ ತುರುವೇಕೆರೆ ರಸ್ತೆಯ ನಮ್ಮ ಹೊಸ ಕಟ್ಟಡಕ್ಕೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಮೆಟ್ಟಿಲ ಬುಡದಲ್ಲಿ ಕಾಯಿಚೂರು ಬಿದ್ದಿತ್ತು. "ಯಾರ್ರಪ್ಪಾ ಒಡೆದಿದ್ದು? ಯಾಕೆ?" ಎಂದೆ. ಗಾರೆಯವರು ಮುಖ ಮುಖ ನೋಡಿಕೊಂಡರು. "ಸುಮ್ನೆ ಕಣಣ್ಣ, ಶುಕ್ರವಾರ ಅಲ್ವಾ," ಎಂದ ಒಬ್ಬ. ಇವತ್ತು ಬುಧವಾರ.

ಆ 'ಸುಮ್ನೆ' ಕೇಳಿದ್ದೇ ತಡ, ದಸ್ತಗೀರ್ ಸಾಬರು ಜ್ಞಾಪಕಕ್ಕೆ ಬಂದರು. ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಕಟ್ಟಡಗಳಿಗೆಲ್ಲ ಅವರದೇ ಸೆಂಟ್ರಿಂಗ್. ನೀವು ಮನೆ ಕಟ್ಟಿಸಿ ನೋಡಿಲ್ಲದಿದ್ದರೆ ಹೇಳಿಬಿಡುತ್ತೇನೆ: ತಾರಸಿಗೆ ಕಾಂಕ್ರೀಟು ಸುರಿಯುವ ಮೊದಲು ಕೆಳಗೆ ತಗಡು, ಹಲಗೆ ಹಾಸಿ, ಅದಕ್ಕೆ ಆನಿಕೆಯಾಗಿ ಜಾಕಿ ಎನ್ನುವ ಕಬ್ಬಿಣದ ಕಂಬಗಳನ್ನು ನಿಲ್ಲಿಸುತ್ತಾರಲ್ಲ, ಆ ಕೆಲಸ. ಕಾಂಕ್ರೀಟು ಗಟ್ಟಿಯಾಗುವ ತನಕ ಇಡೀ ತಾರಸಿ ಅವನ್ನೇ ನಂಬಿಕೊಂಡು ನಿಂತಿರುತ್ತದೆ. ಇಂಥ ಕೆಲಸದವರು ಗುಂಡಿಗೆ ಗಟ್ಟಿ ಇರುವವರಾಗಿರಬೇಕು ಎಂದು ನೀವು ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಸಾಬರೋ, ಮಹಾ ಪುಕ್ಕಲರು. ಇದು ಚಾಡಿಯಲ್ಲ, ಅವರೇ ಊರೆಲ್ಲ ಸಾರಿಕೊಂಡು ಬಂದ ಸುದ್ದಿ. ತಿಪಟೂರು ಪೇಟೆಯ ಟೈಲರ್ ಮನೆತನದಲ್ಲಿ ಹುಟ್ಟಿ, ಹೊಲಿಗೆ ಹತ್ತದೆ ಈ ಕೆಲಸಕ್ಕೆ ಬಂದವರು. ಆಳೆತ್ತರದ ಏಣಿ ಹತ್ತುವಾಗಲೂ ಮೊದಲು ಅದನ್ನು ಅಲ್ಲಾಡಿಸಿ, ಕೆಳಗೊಬ್ಬನನ್ನು ಹಿಡಿಸಿ, "ನಂಗೆ ಭಯ ಆಗ್ತೈತೆ ಕಣ್ರೀ, ಬಿಡ್ಬೇಡ್ರೀ," ಎಂದು ಗಟ್ಟಿಯಾಗಿ ಹೇಳಿ ಹತ್ತುತ್ತಿದ್ದರು. ನಲವತ್ತು ದಾಟಿದ, ಗಡ್ಡ ನರೆತ, ಆರಡಿಯ ಗಂಡಸು! ಗಾರೆಯವರು ಎದುರಿಗೇ 'ಪುಕ್ಕಲ ಸಾಬ್ರು' ಎನ್ನುತ್ತಿದ್ದರು. ಅವರು ಅದಕ್ಕೆ ಸಲಾಮು ಹೊಡೆಯುತ್ತಿದ್ದರು.

ನಮ್ಮ ಸೀಮೆಯಲ್ಲಿ ಭಯ ಎನ್ನುವುದು ನಾಚಿಕೆಗೇಡು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಿ ತಲೆಯೆತ್ತಿದರೂ ಮೇಲೆ ಕಾಯಿಗೊನೆ. ಅದರ ಕೆಳಗೇ ತೊಟ್ಟಿಲು ಕಟ್ಟುತ್ತೇವೆ, ಅದರ ಕೆಳಗೇ ಚಾಪೆ ಹಾಸಿ ಮಲಗುತ್ತೇವೆ. ಮೇಲೆ ನೋಡುವವನು ಹೊರಗಿನವನು ಎಂದು ಲೆಕ್ಕ. ಸಾಬರು ತೋಟದಲ್ಲಿ ನಡೆಯುವಾಗ ತಲೆ ಮೇಲೆ ಗಾರೆ ಹೊರುವ ಬಾಣಲಿ ಬೋರಲು ಹಾಕಿಕೊಂಡು ನಡೆಯುತ್ತಿದ್ದರು. ನಮ್ಮ ಗಾರೆ ಶಿವಣ್ಣ ಒಂದು ಸಲ ನಕ್ಕೂ ನಕ್ಕೂ, "ಸಾಬ್ರೇ, ಕಾಯಿಗೆ ಮೂರು ಕಣ್ಣೈತೆ ಕಣ್ರೀ. ಅದು ನೋಡ್ಕಂಡೇ ಬೀಳದು," ಎಂದ. ಸಾಬರು ಬಾಣಲಿಯ ಕೆಳಗಿನಿಂದಲೇ, "ಅದ್ರಲ್ಲಿ ಎರಡು ಕುರುಡಲ್ವೇನ್ರೀ? ಒಂದೇ ತಾನೇ ಮೆತ್ತಗಿರೋದು! ಒಕ್ಕಣ್ಣನ್ನ ನಂಬ್ಕೊಂಡು ನಾನು ತಲೆ ಕೊಡ್ಲಾ?" ಎಂದರು. ಹುಟ್ಟಿದಾಗಿನಿಂದ ಕಾಯಿ ಸುಲಿದ ಶಿವಣ್ಣ ಸುಲಿದ ಕಾಯಿಯೊಂದನ್ನು ಎತ್ತಿ, ಅದರ ಕಣ್ಣುಗಳನ್ನು ಬೆರಳಿನಿಂದ ಒತ್ತಿ ನೋಡಿದ.

ಸುರಕ್ಷತೆ ಎನ್ನುವ ವಿಷಯ ನನ್ನ ತಲೆಗೆ ಬಂದಿರಲಿಲ್ಲ ಎಂದಲ್ಲ. ತುಮಕೂರಿನಿಂದ ಹಳದಿ ಹೆಲ್ಮೆಟ್ಟುಗಳನ್ನು ತಂದು ಹಂಚಿ, 'ಸುರಕ್ಷತೆಯೇ ಮೊದಲು' ಎಂದು ತಗಡಿನ ಮೇಲೆ ಬರೆಸಿ ನಿಲ್ಲಿಸಿ, ದೊಡ್ಡ ಇಂಜಿನಿಯರನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ವಾರ ಕಳೆಯುವುದರೊಳಗೆ ಒಂದು ಹೆಲ್ಮೆಟ್ಟು ಹುಣಸೆಹಣ್ಣಿಗೆ, ಇನ್ನೊಂದು ಮೊಳೆಗೆ, ಮತ್ತೊಂದು ಶಿವಣ್ಣನ ಮನೆಯ ಕೋಳಿ ಕಾವಿಗೆ ಕೂರುವುದಕ್ಕೆ ಮೀಸಲಾಯಿತು. ತಗಡಿನ ಬೋರ್ಡನ್ನು ಅಂಗಾತ ಹಾಕಿ ಅದರ ಮೇಲೆ ಗಾರೆ ಕಲಸುತ್ತಿದ್ದರು. ನೋಡಿ ಮೈಯೆಲ್ಲ ಉರಿಯಿತು. ಆದರೂ ಬೈದು ಏನು ಪ್ರಯೋಜನ? ತಲೆಗೆ ಟೋಪಿ ಹಾಕಬಹುದು, ತಲೆಯೊಳಗೆ ಹಾಕಲಾಗುತ್ತದೆಯೇ?

ನಮ್ಮವರಿಗೆ ಗೊತ್ತಿದ್ದ ಸುರಕ್ಷತೆ ಒಂದೇ, ಕಾಯಿ. ಕಾಲು ಜಾರಿತೋ, ಹಲಗೆ ಮುರಿಯಿತೋ, ಇಟ್ಟಿಗೆಯೊಂದು ಕಿವಿಯ ಪಕ್ಕದಲ್ಲೇ ಹಾದುಹೋಯಿತೋ, ಮಾರನೆಯ ಬೆಳಿಗ್ಗೆ ತೋಟದಿಂದ ಒಂದು ಕಾಯಿ ತಂದು ಸದ್ದಿಲ್ಲದೆ ಒಡೆದು, 'ದೇವರು ದೊಡ್ಡವನು' ಎಂದುಬಿಟ್ಟರೆ ಮುಗಿಯಿತು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಒಂದು ದಿನ ಶಿವಣ್ಣ ಹಾಗೆ ಒಡೆದಾಗ ಸಾಬರು ಬಿಡದೆ ಕಾಡಿಸಿ ಕೇಳಿದರು. ಹಿಂದಿನ ದಿನ ಅವನು ಒರಗಿದ ಜಾಕಿ ಜರುಗಿತ್ತಂತೆ. ಕಾಲಿನಲ್ಲೇ ಒದ್ದು ಸರಿಮಾಡಿ ಮನೆಗೆ ಹೋಗಿದ್ದಾನೆ ಪುಣ್ಯಾತ್ಮ. ಸಾಬರ ಮುಖ ಕೆಂಪಗಾಯಿತು.

"ದೇವ್ರಿಗೆ ಹೇಳಿದ್ರಿ, ನಂಗೆ ಹೇಳ್ಲಿಲ್ಲ! ಜಾಕಿ ಸರಿ ಮಾಡೋನು ದೇವ್ರಾ, ನಾನಾ?"

"ಬೈತೀರೇನೋ ಅಂತ ಸುಮ್ಕಾದೆ ಕಣ್ರೀ."

"ಬೈಯಲ್ಲ. ನಮ್ಮಪ್ಪನಾಣೆಗೂ ಬೈಯಲ್ಲ. ದರ್ಗಾದಲ್ಲಿ ನಾನೂ ಕಾಯಿ ಒಡೀತೀನಿ, ಬೇಡ ಅನ್ನಲ್ಲ. ಆದ್ರೆ ಒಡೆಯೋಕ್ ಮುಂಚೆ ಯಾಕೆ ಅಂತ ಎಲ್ಲರ ಮುಂದೆ ಹೇಳ್ಬೇಕು. ಹೇಳಿ ಒಡೀರಿ."

ಹೇಳಿದ್ದಷ್ಟೇ ಅಲ್ಲ, ಮಾರನೆಯ ದಿನ ಮೊದಲ ಕಾಯಿ ಅವರೇ ತಂದರು. ಏಣಿಯ ಮೇಲೆ ನಿಂತು ಹೆಂಡತಿಯ ಫೋನಿಗೆ ಉತ್ತರ ಕೊಡಲು ಹೋಗಿ, ಎರಡೂ ಕೈ ಬಿಟ್ಟು ತೂಗಾಡಿದ್ದನ್ನು ಅಭಿನಯಿಸಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಎಲ್ಲರ ಬಾಯಿ ಬಿಚ್ಚಿತು ನೋಡಿ! ಒಬ್ಬ ವೈರು ತಾಗಿ ಜುಂ ಎಂದದ್ದನ್ನು ಹೇಳಿದ, ಇನ್ನೊಬ್ಬ ಚಪ್ಪಲಿಗೆ ಮೊಳೆ ಹೊಕ್ಕಿದ್ದನ್ನು ಹೇಳಿದ. ಹೇಳಿದ್ದೆಲ್ಲ ಅವತ್ತವತ್ತೇ ಸರಿಹೋಗುತ್ತಿತ್ತು. ಚೂರು ಕಾಯಿಗೆ ಬೆಲ್ಲ ಸೇರಿಸಿ ಹಂಚಿ ತಿಂದು ಕೆಲಸ ಶುರು. ಶಿವಣ್ಣನ ಹೆಂಡತಿ ಜಯಮ್ಮ ನಮ್ಮಲ್ಲೇ ಗಾರೆ ಹೊರುತ್ತಿದ್ದಳು. ಗಂಡ ಹೆಂಡತಿ ಶೆಟ್ಟಿಕೆರೆಯಿಂದ ಬೆಳಗಿನ ಬಸ್ಸಿಗೆ ಬರುವವರು. ಅವಳು, "ನಾನು ಇವ್ನ ಕಟ್ಕಂಡಿದ್ದಕ್ಕೆ ಒಂದು ಮೂಟೆ ಕಾಯಿ ಒಡೀಬೇಕು," ಎಂದಾಗ ಶಿವಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಇಷ್ಟರಲ್ಲಿ ಕೊಬ್ಬರಿ ವ್ಯಾಪಾರದ ರುದ್ರಪ್ಪನವರ ಮನೆ ಕೆಲಸ ಹಿಡಿದೆ. ತೋಟದ ಅಂಚಿನ ಮರಗಳನ್ನು ಕೆಡವಿ ಎಬ್ಬಿಸುತ್ತಿದ್ದ ಎರಡಂತಸ್ತಿನ ಮನೆ. ಕೆಟ್ಟವರಲ್ಲ ರುದ್ರಪ್ಪನವರು. ಆದರೆ ದಿನ ಬಿಟ್ಟು ದಿನ ಕಾಯಿ ಒಡೆಯುವುದು, ಅದಕ್ಕೊಂದು ಜಾರಿದ ಬಿದ್ದ ಕಥೆ, ಇದೆಲ್ಲ ನೋಡಿ ಅವರಿಗೆ ಅಳುಕು ಹತ್ತಿತು. "ಏನ್ರೀ ಇದು, ನಮ್ಮ ಮನೇಲೇ ಇಷ್ಟೊಂದು ಅಪಶಕುನ? ಪಕ್ಕದ ಕಟ್ಟಡದಲ್ಲಿ ಒಂದು ದಿನಾನೂ ಕಾಯಿ ಒಡೆದಿದ್ದು ಕಾಣೆ," ಎಂದು ಗೊಣಗಿದರು. ಆ ಪಕ್ಕದ ಕಟ್ಟಡದಲ್ಲಿ ಒಬ್ಬ ಕೈ ಮುರಿದುಕೊಂಡು ಮನೆ ಸೇರಿದ್ದ, ಪಾಪ. ಅಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ನಾನು ಕಬ್ಬಿಣ ತರಲು ಹೋಗಿದ್ದ ಒಂದು ದಿನ ಶಿವಣ್ಣ ಕಾಯಿ ಹಿಡಿದು ತನ್ನ ಕಥೆ ಹೇಳಿದ್ದಾನೆ: ಕಂಬಿಯಿಲ್ಲದ ಮೆಟ್ಟಿಲ ಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟು, ಇನ್ನೇನು ಬೀಳಬೇಕು ಅನ್ನುವಾಗ ಗೋಡೆಯಿಂದ ಚಾಚಿದ್ದ ಸರಳು ಕೈಗೆ ಸಿಕ್ಕಿ ಬದುಕಿದ್ದು. ರುದ್ರಪ್ಪನವರು ಕೇಳಿಸಿಕೊಂಡರು. "ನಮ್ಮ ಮನೆ ಮೆಟ್ಟಿಲ ಮೇಲೆ ಸಾಯೋಕೆ ಬಂದವ್ನೇನೋ ನೀನು? ನಾಳೆಯಿಂದ ಬರ್ಬೇಡ," ಎಂದು ಅಲ್ಲೇ ಕಳಿಸಿಬಿಟ್ಟರು. ನಾನು ಬಂದು ಎರಡು ಮಾತಾಡಿದೆ. ಮೂರನೆಯದಕ್ಕೆ ಅವರು ಕಣ್ಣು ಬಿಟ್ಟರು, ನಾನು ಕಬ್ಬಿಣ ಇಳಿಸಲು ಹೋದೆ. ನನ್ನ ಹತ್ತಿರ ಆಗ ಬೇರೆ ಕೆಲಸವೂ ಇರಲಿಲ್ಲ.

ಅಲ್ಲಿಂದಾಚೆಗೆ ಒಂದು ಕಾಯಿಯೂ ಒಡೆಯಲಿಲ್ಲ. ಜಯಮ್ಮ ಒಬ್ಬಳೇ ಬಸ್ಸಿಳಿದು ಬರುತ್ತಿದ್ದಳು, ತಲೆ ತಗ್ಗಿಸಿ ಹೊರುತ್ತಿದ್ದಳು. ಮನೆಗೆ ಬರುತ್ತಿದ್ದ ಎರಡು ಕೂಲಿಯಲ್ಲಿ ಒಂದು ನಿಂತಿತ್ತು. ರುದ್ರಪ್ಪನವರು ಖುಷಿಯಾದರು: "ನೋಡಿದ್ರಾ, ಪೀಡೆ ಬಿಡ್ತು." ಸಾಬರು ಮಾತ್ರ ಕಟ್ಟಡದ ಸುತ್ತ ಸುತ್ತುತ್ತಾ, "ಈಗ ನಂಗೆ ನಿಜವಾಗ್ಲೂ ಭಯ ಆಗ್ತೈತೆ ಕಣ್ರೀ. ಮುಂಚೆ ಬೀಳೋದು ಕಿವಿಗೆ ಬೀಳ್ತಿತ್ತು, ಈಗ ತಲೆಗೇ ಬೀಳೋದು," ಎಂದು ನನ್ನ ನಿದ್ದೆ ಕೆಡಿಸುತ್ತಿದ್ದರು.

ಮೊದಲ ತಾರಸಿಗೂ ಅದರಿಂದ ಚಾಚಿದ ಬಾಲ್ಕನಿಗೂ ಕಾಂಕ್ರೀಟು ಹಾಕುವ ದಿನ ಬಂತು. ನಮ್ಮಲ್ಲಿ ಅದು ಅರ್ಧ ಮದುವೆ. ಮಿಕ್ಸರು ಗುಡುಗುತ್ತಿತ್ತು, ಶೆಡ್ಡಿನಲ್ಲಿ ಪಾಯಸ ಕುದಿಯುತ್ತಿತ್ತು, ರುದ್ರಪ್ಪನವರ ನೆಂಟರು ಇಸ್ತ್ರಿಯ ಅಂಗಿ ಹಾಕಿಕೊಂಡು ಧೂಳಿನಲ್ಲಿ ನಿಂತಿದ್ದರು. ಬಾಣಲಿ ದಾಟಿಸುವ ಹೆಂಗಸರು ಬಾಲ್ಕನಿಯ ಕೆಳಗೆ ಸಾಲು ನಿಲ್ಲಬೇಕು, ಅಷ್ಟರಲ್ಲಿ ಸಾಬರು ಏಣಿಗೆ ಅಡ್ಡವಾಗಿ ಕೂತುಬಿಟ್ಟರು.

"ಯಾರೂ ಹತ್ತೋ ಹಾಗಿಲ್ಲ. ಇಷ್ಟು ದಿನ ಆಯ್ತು, ಒಬ್ರಿಗೂ ಕಾಲು ಜಾರಿಲ್ವಾ? ಒಬ್ರ ಕೈಯಿಂದ್ಲೂ ಇಟ್ಟಿಗೆ ಬಿದ್ದಿಲ್ವಾ? ನೀವೇನು ದೇವತೆಗಳಾ? ಯಾರಾದ್ರೂ ಬಾಯಿ ಬಿಡೋ ತನಕ ನಾನು ಏಳಲ್ಲ."

"ಏಳ್ರೀ ಸಾಬ್ರೇ, ರಾಹುಕಾಲ ಬತ್ತದೆ," ಎಂದರು ರುದ್ರಪ್ಪನವರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಎಲ್ಲರೂ ತಂತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಜಯಮ್ಮ ಬಾಣಲಿ ಕೆಳಗಿಟ್ಟಳು.

"ನಾನು ಹೇಳ್ತೀನಿ. ಆಮ್ಯಾಕೆ ನನ್ನೂ ಕಳ್ಸಿ, ಗಂಡ ಹೆಂಡ್ತಿ ಇಬ್ರೂ ಮನೇಲಿ ಕುಂತ್ಕಂತೀವಿ. ಆ ಬಾಲ್ಕನಿ ಮೂಲೆ ಜಾಕಿ ಐತಲ್ಲ, ಅಲ್ಲಿ ಮುಂಚೆ ತೆಂಗಿನ ಮರ ಇತ್ತು. ಬುಡ ಕಿತ್ತು ಗುಂಡಿಗೆ ಮಣ್ಣು ಮುಚ್ಚಿದ್ರು. ನಾನು ದಿನಾ ಬಾಣಲಿ ತೊಳೆದ ನೀರು ಅಲ್ಲೇ ಸುರೀತಿದ್ದೆ. ಮೊನ್ನೆಯಿಂದ ಜಾಕಿ ಕೆಳಗಿಳ್ದೈತೆ, ಏಣಿ ಹತ್ತಿ ನೋಡ್ದೆ, ಅದ್ರ ತಲೆ ಮೇಲೆ ನನ್ ಕೈ ತೂರ್ತದೆ. ನೀರು ಸುರಿದೋಳು ನಾನೇ ಅಂತ ಬಾಯಿ ಮುಚ್ಕಂಡಿದ್ದೆ."

ಸಾಬರು ಎದ್ದು ಹೋಗಿ ಏಣಿ ಹಾಕಿಸಿ, ಹತ್ತಿ, ಕಂಬಕ್ಕೂ ಹಲಗೆಗೂ ನಡುವೆ ಕೈ ತೂರಿಸಿದರು. ಮಣಿಕಟ್ಟಿನ ತನಕ ಹೋಯಿತು. ಬಾಲ್ಕನಿಯ ಆ ಮೂಲೆ ಗಾಳಿಯ ಮೇಲೆ ನಿಂತಿತ್ತು.

"ಯಾರು ನಿಲ್ಸಿದ್ದು ಅದನ್ನ?" ಎಂದು ಗುಡುಗಿದರು ರುದ್ರಪ್ಪನವರು.

"ನಾನೇ," ಎಂದರು ಸಾಬರು, ಎಲ್ಲರ ಮುಂದೆ. "ಮಣ್ಣು ಹೊಸದು ಅಂತ ನೋಡ್ಲಿಲ್ಲ. ತಪ್ಪು ನಂದು."

"ಒಂದು ಇಟ್ಟಿಗೆ ತುರುಕಿ ಮುಗಿಸ್ರೀ ಹಂಗಾದ್ರೆ."

"ಆಗಲ್ಲ ಯಜಮಾನ್ರೇ. ಅಗೆದು ಗಟ್ಟಿ ಮಾಡ್ಬೇಕು. ಉಳಿದಿದ್ದೂ ಎಲ್ಲಾ ನೋಡ್ಬೇಕು. ಇವತ್ತು ಆಗೋ ಕೆಲ್ಸ ಅಲ್ಲ."

ರುದ್ರಪ್ಪನವರು ನನ್ನ ಕಡೆ ತಿರುಗಿದರು. ಸಾಬರು, ಜಯಮ್ಮ, ನೆಂಟರು, ಪಾಯಸದ ಭಟ್ಟರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಧೈರ್ಯಸ್ಥನಲ್ಲ ಎಂದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕು. "ಮಿಕ್ಸರ್ ಆಫ್ ಮಾಡ್ರಪ್ಪಾ," ಎಂದೆ. ಅದು ನಿಂತ ಮೇಲೆ ನನ್ನ ದನಿ ನನಗೇ ಬೇರೆಯವರದೆನಿಸಿತು. "ಜಯಮ್ಮನ್ನ ಕಳ್ಸೋದಾದ್ರೆ ಈ ತಾರಸಿ ನೀವೇ ಹಾಕ್ಕೊಳ್ಳಿ ಯಜಮಾನ್ರೇ. ಮತ್ತೆ ನಾಳೆಯಿಂದ ಶಿವಣ್ಣನೂ ಬತ್ತಾನೆ."

ರುದ್ರಪ್ಪನವರು ಸಿಮೆಂಟು ಮೂಟೆಯ ಮೇಲೆ ಕೂತರು. ಬೈಯುತ್ತಾರೆಂದು ಕಾದೆ. ಶೆಡ್ಡಿನ ಕಡೆ ಕೈ ತೋರಿಸಿ, "ಪಾಯಸ ಮಾಡಿದ್ದಾಗೈತೆ. ತಿಂದ್ಕಂಡಾದ್ರೂ ಹೋಗ್ರಿ," ಎಂದರು. ಸಾಬರು ಒಂದು ಕಾಯಿ ತಂದು ಜಯಮ್ಮನ ಕೈಗಿಟ್ಟರು. ಅವಳು ಅಳುತ್ತಲೇ ಒಡೆದಳು. ಆ ವಾರವೆಲ್ಲ ಅಗೆದು, ಗಟ್ಟಿಸಿ, ಒಂದೊಂದು ಜಾಕಿಯನ್ನೂ ಬಡಿದು ನೋಡಿ, ಆಮೇಲೆ ಕಾಂಕ್ರೀಟು ಹಾಕಿದೆವು.

ಸಾಬರಿಗೆ ಈಗ ಮಂಡಿನೋವು. ಕೆಲಸ ಬಿಟ್ಟು, ಅಣ್ಣನ ಟೈಲರ್ ಅಂಗಡಿಯಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಾರೆ. ಇವತ್ತು ಬೆಳಿಗ್ಗೆ ಅವರನ್ನು ನೆನೆಸಿಕೊಂಡು ನಾನೂ ಮೆಟ್ಟಿಲಿಗೆ ಅಡ್ಡವಾಗಿ ಕೂತೆ. ಕೊನೆಗೆ ಬಾಯಿ ಬಿಟ್ಟರು: ಏಣಿಯ ಒಂದು ಹಲ್ಲು ಕಳಚಿ ನಿನ್ನೆ ಒಬ್ಬ ಜೋತಾಡಿದ್ದನಂತೆ. ಏಣಿ ನನ್ನ ಸ್ವಂತದ್ದು, ನನ್ನ ಪ್ರೀತಿಯದು, ಅದಕ್ಕೇ ಹೇಳಲು ಹಿಂಜರಿದಿದ್ದರು. ಅದನ್ನು ಅಲ್ಲೇ ಸೀಳಿಸಿ ಒಲೆಗೆ ಕಳಿಸಿದೆ. ಸಂಕಟವಾಯಿತು ಅನ್ನಿ.

ಮಧ್ಯಾಹ್ನ ಊಟಕ್ಕೆ ಬರುವಾಗ ದಾರಿಯಲ್ಲಿ ರುದ್ರಪ್ಪನವರ ಮನೆ. ಆ ಬಾಲ್ಕನಿಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡಾಗಲೆಲ್ಲ ಅವರದು ಅದೇ ರಾಗ, ಇವತ್ತೂ ಬಗ್ಗಿ ಕೂಗಿದರು: "ಅವತ್ತು ಶುಭದಿನ ಹಾಳು ಮಾಡಿದ್ರಲ್ರೀ! ಒಂದು ಇಟ್ಟಿಗೆ ತುರುಕಿದ್ರೂ ನಡೀತಿತ್ತು. ಏನಾಯ್ತು ಈಗ? ಏನೂ ಆಗ್ಲಿಲ್ವಲ್ಲ!"

ಪ್ರತಿ ಸಲ ನಾನು ವಾದಕ್ಕೆ ನಿಲ್ಲುತ್ತಿದ್ದೆ. ಮಣ್ಣಿನ ಕಥೆ, ಭಾರದ ಲೆಕ್ಕ, ಎಲ್ಲ ಒಪ್ಪಿಸುತ್ತಿದ್ದೆ. ಬೀಳದೇ ಇದ್ದದ್ದನ್ನು ಬೀಳುತ್ತಿತ್ತು ಎಂದು ಯಾರು ತೋರಿಸಲು ಸಾಧ್ಯ? ಇವತ್ತು ವಾದಿಸಲಿಲ್ಲ. ಅವತ್ತು ಆ ಬಾಲ್ಕನಿಯ ಕೆಳಗೆ ನಿಲ್ಲಬೇಕಾಗಿದ್ದ ಹೆಂಗಸರೆಲ್ಲರ ಹೆಸರೂ ನನಗೆ ಗೊತ್ತು. ಒಬ್ಬಳು ತಿಪಟೂರು ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಮಾರುತ್ತಾಳೆ. ಒಬ್ಬಳು ಸೊಸೆಯ ಜೊತೆ ಜಗಳವಾಡಿಕೊಂಡು ಕೆಂಕೆರೆಯಲ್ಲಿದ್ದಾಳೆ. ಜಯಮ್ಮ ಈಗಲೂ ನನ್ನ ಕೆಲಸಕ್ಕೇ ಬರುತ್ತಾಳೆ. ಹೊತ್ತಿಗೆ ಮುಂಚೆ ಹೊರಟು ಬಸ್ಸು ಹಿಡಿಯುತ್ತಾಳೆಂದು ನಿನ್ನೆ ತಾನೇ ಬೈದಿದ್ದೆ.

"ಹೌದು ಯಜಮಾನ್ರೇ," ಎಂದೆ. "ಏನೂ ಆಗ್ಲಿಲ್ಲ."