ಫಾರಿನ್ ಕಾರಿನ ಗಾಜು

ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯ ಒಬ್ಬ ಲಾರಿ ಮಾಲೀಕರ ಮನೆಯಲ್ಲಿ ಡ್ರೈವರ್ ಆಗಿದ್ದೆ. ಅವರದು ಎಮ್ಮಿಗನೂರಿನ ಭತ್ತದ ಗದ್ದೆಯ ಮನೆತನ. ಒಂದು ಲಾರಿ ತಗೊಂಡು ಸಂಡೂರಿನ ಗುಡ್ಡಕ್ಕೆ ಕಳಿಸಿದವರು ನೋಡನೋಡುತ್ತ ಹತ್ತಾರು ಲಾರಿಗಳ ಮಾಲೀಕರಾದರು. ನಾನು ಸೇರಿದಾಗ ಮನೆಯಲ್ಲಿದ್ದದ್ದು ಒಂದು ಹಳೇ ಜೀಪು. ಅದರ ಡೀಸೆಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು ತಿಕ್ಕಿ ಮುಚ್ಚುತ್ತಿದ್ದೆ. ಸೈಲೆನ್ಸರ್ ಕಳಚಿದರೆ ತಂತಿ ಬಿಗಿದು ಊರು ಮುಟ್ಟಿಸುತ್ತಿದ್ದೆ. ಅದು ಎಲ್ಲಿ ಕೆಟ್ಟು ನಿಂತರೂ ನನಗೆ ಭಯ ಇರಲಿಲ್ಲ.

ಹಾಗಂತ ನಾನು ಅಗ್ಗದ ಮಾಲಿನ ಪರ ಅಲ್ಲ. ಒಮ್ಮೆ ಡುಪ್ಲಿಕೇಟ್ ಬ್ರೇಕ್ ಲೈನರ್ ಹಾಕಿಸಿಕೊಂಡು, ಸಂಡೂರಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಜೀಪನ್ನು ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದ್ದೆ. ಅವತ್ತಿನಿಂದ ಲಾರಿಗಳಿಗೂ ಕಂಪನಿ ಲೈನರ್ ಹಾಕಿಸ್ರಿ ಅಂತ ಮಾಲೀಕರ ಬೆನ್ನು ಹತ್ತಿದ್ದೆ.

"ಲಾರಿ ಎರಡು ವರ್ಷ ದುಡೀತೈತಿ, ಆಮ್ಯಾಲೆ ಮಾರಿಬಿಡೋದು," ಅಂದಿದ್ದರು ಅವರು. "ಅದಕ್ಯಾಕೋ ಕಂಪನಿ ಮಾಲು?"

ಅದೇ ವರ್ಷ ಅವರು ಫಾರಿನ್ ಕಾರು ತಗೊಂಡರು. ಕಪ್ಪು ಬಣ್ಣದ, ಆನೆಯಂಥ ಗಾಡಿ. ಓಣಿಯ ಜನ ಬಂದು ಮುಟ್ಟಿ ನೋಡಿ ಹೋದರು. ಆ ಕಾರಿನ ಜೊತೆ ನನಗೆ ಕೆಲವು ಕಟ್ಟಳೆಗಳೂ ಬಂದವು. ಕಂಪನಿಯವರ ಹೊರತು ಯಾರೂ ಬಾನೆಟ್ ಎತ್ತಬಾರದು. ನನ್ನ ಪಾನಾ, ಸ್ಕ್ರೂಡ್ರೈವರ್ ಇದ್ದ ಎಣ್ಣೆಜಿಡ್ಡಿನ ಚೀಲ ಅದರೊಳಗೆ ಇಡಬಾರದು. ಕಿಟಕಿ ಇಳಿಸಬಾರದು, ಕೆಂಪು ಧೂಳು ಸೀಟಿಗೆ ಹತ್ತುತ್ತದೆ. ಹೀಗೆ ನನ್ನ ಕೆಲಸ ಒರೆಸುವುದಕ್ಕೆ ಬಂದು ನಿಂತಿತು. ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು, ಮತ್ತೆ ಒರೆಸುತ್ತಿದ್ದೆ.

ತಿಂಗಳೊಳಗೆ ಹೊಸಪೇಟೆಯ ಬಜಾರಿನಲ್ಲಿ ಒಂದು ತಳ್ಳುಗಾಡಿ ತಗುಲಿ ಪಕ್ಕದ ಕನ್ನಡಿ ಮುರಿಯಿತು. ಮಾಲೀಕರು ಬೈಯಲಿಲ್ಲ. ಮುರಿದ ಕನ್ನಡಿಯನ್ನು ಅಂಗೈಯಲ್ಲಿ ಹಿಡಿದು ಮೆತ್ತಗೆ, "ನಿನ್ನ ಎಷ್ಟು ತಿಂಗಳ ಪಗಾರ ಗೊತ್ತೇನೋ ಇದು?" ಅಂದರು. ನನ್ನ ಪಗಾರದಲ್ಲಿ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ. ಹಿಡಿದಿದ್ದರೆ ಅಲ್ಲಿಗೆ ಮುಗಿದು ಹೋಗುತ್ತಿತ್ತೇನೋ. ಅವತ್ತಿನಿಂದ ಆ ಕಾರಿನ ಪ್ರತಿ ಭಾಗವನ್ನೂ ನಾನು ನನ್ನ ಪಗಾರದ ತಿಂಗಳುಗಳಲ್ಲೇ ನೋಡತೊಡಗಿದೆ. ಸ್ಟೀರಿಂಗ್ ಹಿಡಿದರೆ ಬೇರೆಯವರ ಕೂಸು ಎತ್ತಿಕೊಂಡಂಗೆ ತೋಳು ಬಿಗಿಯಾಗುತ್ತಿತ್ತು.

ಮಾಲೀಕರ ತಾಯಿಗೆ ಆ ಕಾರು ಸೇರುತ್ತಿರಲಿಲ್ಲ. ಎಪ್ಪತ್ತು ದಾಟಿದ ಹೆಣ್ಣುಮಗಳು, ನಾವೆಲ್ಲ ಅವ್ವಾರ ಅಂತ ಕರೆಯುತ್ತಿದ್ದೆವು. ಜೀಪಿನಲ್ಲಾದರೆ ಮುಂದೆ ಕೂತು, ದಾರಿಯುದ್ದಕ್ಕೂ ಯಾರ ಹೊಲದಲ್ಲಿ ಏನು ಬೆಳೆ ಅಂತ ಹೇಳುತ್ತ ಬರುತ್ತಿದ್ದರು. ಕಾರಿನಲ್ಲಿ ಹಿಂದಿನ ಸೀಟಿನ ಮೂಲೆಯಲ್ಲಿ ಕಾಲು ಮಡಚಿ ಕೂರುತ್ತಿದ್ದರು, ಮಾತಿಲ್ಲ.

ಒಂದು ಬೇಸಿಗೆ ಮಧ್ಯಾಹ್ನ ಅವರನ್ನು ಕರೆದುಕೊಂಡು ದೋಣಿಮಲೈಯಿಂದ ಬರುತ್ತಿದ್ದೆ. ಅವರ ಮಗಳು ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದಳು. ಸಂಡೂರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಲಾರಿಗಳ ಸಾಲು ನಿಂತಿತ್ತು. ಮುಂದೆ ಎಲ್ಲೋ ಒಂದು ಲಾರಿ ಅಡ್ಡ ಬಿದ್ದಿದೆ ಅಂದರು. ನಮ್ಮ ಹಿಂದೆಯೂ ಲಾರಿಗಳು ಬಂದು ನಿಂತವು. ಎಡಕ್ಕೆ ಗುಡ್ಡ, ಬಲಕ್ಕೆ ಲಾರಿ. ಏಸಿ ಹಾಕಿಕೊಂಡೇ ಕೂತಿದ್ದೆವು. ಅರ್ಧ ತಾಸಾಗಿರಬೇಕು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಮಿಣಮಿಣ ಅಂದವು. ನಾಲ್ಕೂ ಬಾಗಿಲು ಟಕ್ ಅಂತ ಲಾಕಾದವು. ಎಂಜಿನ್ ಸತ್ತಿತು.

ಬೀಗದ ಕೈ ತಿರುಗಿಸಿದೆ. ಏನೂ ಇಲ್ಲ. ಕಿಟಕಿಯ ಬಟನ್ ಒತ್ತಿದೆ, ಹಾರ್ನ್ ಒತ್ತಿದೆ. ಬಾಗಿಲಿನ ಹಿಡಿಕೆ ಎಳೆದರೆ ಸಡಿಲವಾಗಿ ಕೈಗೆ ಬರುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಹಿಂದಿನದೂ ಹಂಗೇ.

ಮಾಲೀಕರಿಗೆ ಫೋನ್ ಹಚ್ಚಿದೆ. ಅವರು ಕಂಪನಿಯ ನಂಬರ್ ಕೊಟ್ಟರು. ಅಲ್ಲಿ ಎತ್ತಿದ ಹುಡುಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವಳು ಚಾಸಿಸ್ ನಂಬರ್ ಕೇಳಿದಳು. ಕಾಗದ ತೆಗೆದು ಒಂದೊಂದೇ ಅಕ್ಷರ ಓದಿದೆ. ಇರಿ ಅಂದಳು, ಪಿಯಾನೋ ಸಂಗೀತ ಶುರುವಾಯಿತು. ಅದನ್ನು ಕೇಳುತ್ತ ನಾನು ಬೆವರುತ್ತಿದ್ದೆ. ಕೊನೆಗೆ ಅವಳು, ಬೆಂಗಳೂರಿನಿಂದ ಮೆಕ್ಯಾನಿಕ್ ನಾಳೆ ಬೆಳಿಗ್ಗೆ ಬರುತ್ತಾನೆ ಅಂದಳು.

ಅಷ್ಟರಲ್ಲಿ ಕಾರಿನೊಳಗೆ ಒಲೆಯ ಮುಂದೆ ಕೂತಂಗಾಗಿತ್ತು. ನಾನು ಗಾಜು ಬಡಿಯುವುದನ್ನು ಕೇಳಿ ಪಕ್ಕದ ಲಾರಿಯ ಡ್ರೈವರ್ ಇಳಿದು ಬಂದ. ಕಪ್ಪು ಗಾಜಿಗೆ ಎರಡೂ ಕೈ ಅಡ್ಡ ಹಿಡಿದು ಒಳಗೆ ಇಣುಕಿದ. ಬಾಗಿಲು ತೆರೆಯುತ್ತಿಲ್ಲ ಅಂತ ಕೈಸನ್ನೆ ಮಾಡಿದೆ. ಹೊರಗಿನಿಂದ ಎಳೆದು ನೋಡಿದ, ಆಗಲಿಲ್ಲ. ಓಡಿ ಹೋಗಿ ಲಾರಿಯಿಂದ ಜಾಕಿಯ ರಾಡು ತಂದ. ಗಾಜಿನ ಮೂಲೆಗೆ ಗುರಿ ಇಟ್ಟು, ಒಡೀಲಾ ಅಂತ ಹುಬ್ಬು ಹಾರಿಸಿದ.

ನಾನು ಎರಡೂ ಕೈ ಎತ್ತಿ ಬ್ಯಾಡ ಅಂದೆ.

ಅವನಿಗೆ ತಿಳಿಯಲಿಲ್ಲ. ಮತ್ತೆ ರಾಡು ಎತ್ತಿದ. ನಾನು ಮತ್ತೆ ಬ್ಯಾಡ ಬ್ಯಾಡ ಅಂತ ಕೈ ಆಡಿಸಿದೆ. ಅವನು ರಾಡು ಕೆಳಗಿಳಿಸಿ ಲಾರಿಯ ನೆರಳಿಗೆ ಹೋಗಿ ಕೂತ.

ಮತ್ತೆ ಮಾಲೀಕರಿಗೆ ಫೋನ್ ಮಾಡಿದೆ. "ಸಾವ್ಕಾರ್ರ, ಗಾಜು ಒಡೀಲೇನ್ರಿ?"

"ತಡಿಯೋ. ಕಂಪನಿ ಮ್ಯಾನೇಜರ್‌ಗೆ ಕೇಳ್ತೀನಿ, ಬ್ಯಾರೆ ಏನರ ದಾರಿ ಇರ್ತೈತಿ," ಅಂದರು. "ಅವ್ವ ಹೆಂಗದಾಳ?"

ಕನ್ನಡಿಯಲ್ಲಿ ನೋಡಿದೆ. ಅವ್ವಾರು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ಆರಾಮ ಅದಾರ್ರಿ," ಅಂದೆ. ಆ ಮಾತನ್ನು ಯಾಕೆ ಹಾಗೆ ಹೇಳಿದೆನೋ. ಭಾಳ ಸುಸ್ತಾಗ್ಯಾರ್ರಿ ಅಂದಿದ್ದರೆ ಅವರೇ ಒಡಿ ಅನ್ನುತ್ತಿದ್ದರು. ತಾಯಿಯ ಮೇಲೆ ಅವರಿಗೆ ಜೀವ.

ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಾನು ಸುಮ್ಮನೆ ಕೂತಿದ್ದೆ. ಗಾಜು ನೋಡುವುದು, ಫೋನ್ ನೋಡುವುದು. ಹಿಂದಿನಿಂದ ಉಸಿರಿನ ಸದ್ದು ಬರತೊಡಗಿತು, ತಿದಿ ಒತ್ತಿದಂತೆ. ತಿರುಗಿ ನೋಡಿದರೆ ಅವ್ವಾರ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎಲೆ ಅಡಿಕೆ ಚೀಲದೊಳಗೆ ಕೈ ಹಾಕಿ ಕಬ್ಬಿಣದ ಅಡಕೊತ್ತು ತೆಗೆದರು. ಅದನ್ನು ಕಿಟಕಿಗೆ ಒಂದು ಸಲ ಬಡಿದರು. ಗಾಜಿಗೆ ಏನೂ ಆಗಲಿಲ್ಲ. ಅದನ್ನು ನನ್ನ ಕಡೆ ಚಾಚಿದರು.

"ತಗೋ ಯಪ್ಪಾ. ಮುದುಕಿ ಒಡದ್ಲು ಅಂತ ಹೇಳು."

ನಾನು ತಗೊಂಡೆ. ನನ್ನ ಪಕ್ಕದ ಗಾಜಿನ ಕೆಳಮೂಲೆಗೆ ಎರಡನೇ ಏಟು ಬಿದ್ದಾಗ ಇಡೀ ಗಾಜು ಸಕ್ಕರೆಯಂತೆ ಉದುರಿತು. ಧೂಳಿನ ಗಾಳಿ ಒಳಗೆ ನುಗ್ಗಿತು. ನಾನು ಕಿಟಕಿಯಿಂದ ತೂರಿ ಹೊರಬಂದೆ. ಆ ಲಾರಿ ಡ್ರೈವರ್ ಏನೂ ಕೇಳದೆ ಬಂದು ಹಿಂದಿನ ಗಾಜನ್ನೂ ರಾಡಿನಿಂದ ಒಡೆದ. ಇಬ್ಬರೂ ಸೇರಿ ಅವ್ವಾರನ್ನು ಹೊರಗೆತ್ತಿ ಲಾರಿಯ ನೆರಳಲ್ಲಿ ಮಲಗಿಸಿದೆವು. ಅವನ ಬಾಟಲಿಯ ನೀರಿನಿಂದ ಮುಖ ತೊಳೆದೆವು. ಲಾರಿಗಳ ಸಂದಿಯಲ್ಲಿ ನುಸುಳಿ ಬಂದ ಒಬ್ಬನ ಬೈಕಿನಲ್ಲಿ ಅವರನ್ನು ನಡುವೆ ಕೂರಿಸಿ, ನಾನು ಹಿಂದೆ ಹಿಡಿದು ಕೂತು ಸಂಡೂರಿನ ಆಸ್ಪತ್ರೆ ಮುಟ್ಟಿಸಿದೆ.

ಎರಡು ದಿನದಲ್ಲಿ ಅವ್ವಾರು ಎದ್ದು ಕೂತರು. ಮಾಲೀಕರು ಹಾಸಿಗೆಯ ಪಕ್ಕ ಕೂತು ಅವರ ಕಾಲು ಒತ್ತುತ್ತ, "ಗ್ಲಾಸ್ ಒಡದೋರು ಯಾರು?" ಅಂತ ಕೇಳಿದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ.

"ನಾನಪಾ, ಅಡಕೊತ್ತಿಲೆ," ಅಂದರು ಅವ್ವಾರು.

ಮಾಲೀಕರು ನಕ್ಕುಬಿಟ್ಟರು. ಆಮೇಲೆ ಬಂದವರಿಗೆಲ್ಲ ಅದೇ ಕಥೆ. ನಮ್ಮವ್ವ ಫಾರಿನ್ ಗ್ಲಾಸನ್ನ ಅಡಕೊತ್ತಿನಿಂದ ಪುಡಿ ಮಾಡಿದಳು ಅಂತ. ಹೇಳುವಾಗಲೆಲ್ಲ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದರು, "ಹೌದಲ್ಲೋ?" ನಾನು ಹೌದ್ರಿ ಅನ್ನುತ್ತಿದ್ದೆ.

ಗಾಜು ಬರಲು ಒಂದೂವರೆ ತಿಂಗಳು ಹಿಡಿಯಿತು. ಕೂರಿಸಲು ಬಂದ ಕಂಪನಿಯ ಮೆಕ್ಯಾನಿಕ್ ಒಳ್ಳೆಯ ಮನುಷ್ಯ, ಕನ್ನಡದವನೇ. ಅವತ್ತು ಆದದ್ದನ್ನು ಹೇಳಿದೆ. ಅವನು ನನ್ನನ್ನು ಕಾರಿನೊಳಗೆ ಕರೆದು, ಹಿಂದಿನ ಸೀಟು ಮಡಚಿ ಆಚೆ ತೂರಿ, ಡಿಕ್ಕಿ ಬಾಗಿಲಿನ ಒಳಬದಿಯಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಕಿತ್ತು ತೋರಿಸಿದ. ಅಲ್ಲೊಂದು ಕಡ್ಡಿ ಇತ್ತು. ಬೆರಳಿನಿಂದ ತಳ್ಳಿದ, ಡಿಕ್ಕಿ ಬಾಗಿಲು ಒಳಗಿನಿಂದಲೇ ತೆರೆಯಿತು.

"ಪುಸ್ತಕದಲ್ಲಿ ಐತಲ್ರಿ," ಅಂದ.

ಕಾರಿನ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಇಂಗ್ಲಿಷಿನದು. ಅದನ್ನು ಬಿಚ್ಚಲೂ ನನಗೆ ಭಯವಿತ್ತು, ಮಾಲೀಕರಿಗೆ ಪುರುಸೊತ್ತಿರಲಿಲ್ಲ. ಕಾರಿನದೇ ತಪ್ಪು ಅಂತ ಅಷ್ಟು ದಿನ ಮನಸ್ಸಿನಲ್ಲಿ ಬೈಯುತ್ತಿದ್ದೆ. ಆ ಸಮಾಧಾನವೂ ಹೋಯಿತು. ಇದನ್ನು ನಮ್ಮ ಸಾವ್ಕಾರರಿಗೆ ಹೇಳಬ್ಯಾಡ್ರಿ ಅಂತ ಅವನಿಗೆ ಕೈಮುಗಿದೆ.

ಕೆಲಸ ಬಿಡಬೇಕು ಅಂತ ಎಷ್ಟೋ ಸಲ ಅನ್ನಿಸಿತು. ಬಿಡಲು ಕಾರಣ ಹೇಳಬೇಕಲ್ಲ. ಪಗಾರ ಚೆನ್ನಾಗಿತ್ತು, ಮಾಲೀಕರು ಮೊದಲಿಗಿಂತ ಪ್ರೀತಿಯಿಂದ ಕಾಣುತ್ತಿದ್ದರು, ಅವರ ತಾಯಿಯ ಜೀವ ಉಳಿಸಿದವನು ಅಂತ. ಮುಂದೆ ಅದಿರು ಸಾಗಣೆ ನಿಂತು, ಲಾರಿಗಳು ಮನೆ ಮುಂದೆ ಸಾಲಾಗಿ ನಿಂತು, ಕಾರನ್ನು ಅವರೇ ಮಾರುವವರೆಗೆ ಅದೇ ಸೀಟಿನಲ್ಲಿ ಕೂತಿದ್ದೆ.

ಅವ್ವಾರು ಆಸ್ಪತ್ರೆಯಿಂದ ಬಂದವರು ಎಮ್ಮಿಗನೂರಿಗೇ ಹೋಗಿ ನೆಲೆಸಿದ್ದರು. ಕೆಲಸ ಬಿಟ್ಟ ವಾರ ಬಸ್ಸು ಹತ್ತಿ ಅವರನ್ನು ನೋಡಲು ಹೋದೆ. ಕಟ್ಟೆಯ ಮೇಲೆ ಕೂತು ಹಿಂಡಿ ಚಟ್ನಿಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಾನೂ ಕೂತು ಮುರಿಯತೊಡಗಿದೆ. ಲಾರಿ ಡ್ರೈವರ್ ರಾಡು ಎತ್ತಿದ್ದು, ನಾನು ಬ್ಯಾಡ ಅಂದದ್ದು, ಫೋನಿನಲ್ಲಿ ಆರಾಮ ಅದಾರ್ರಿ ಅಂದದ್ದು, ಹಿಂದಿನ ಬಾಗಿಲಿನ ಕಡ್ಡಿ, ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

"ನಾನೂ ನೋಡಿದ್ನೆಪಾ ಆ ರಾಡು," ಅಂದರು. "ಒಡಿ ಅಂತ ನಾನರ ಒದರಬೌದಿತ್ತಲ್ಲ. ನನಗೂ ಆ ಗ್ಲಾಸಿನ ಚಿಂತಿನ ಇತ್ತು. ಮಗ ಎಷ್ಟು ಆಸೆಪಟ್ಟು ತಂದಾನ ಅಂತ."

ಆಮೇಲೆ ಊಟಕ್ಕೆ ಏಳು ಅಂದರು. ಕೈ ತೊಳೆದರೂ ಮೆಣಸಿನಕಾಯಿಯ ಉರಿ ಹೋಗಿರಲಿಲ್ಲ.